ಅವ್ವ ಕಾವಲು ಕೂತ ಗುಳ್ಳೆ

ಗಂಗಾವತಿ, ಡಯಾಲಿಸಿಸ್ ಕೋಣೆ, ಕಿಟಕಿ ಕಡೆಯ ಮಂಚ
೧೩ ನವೆಂಬರ್ ೨೦೨೫, ಗುರುವಾರ

ಮುನಿಸು ಇನ್ನೂ ಇಳಿಯದ ನನ್ನ ತಮ್ಮ ಹಾಲೇಶನಿಗೆ,

ಅಕ್ಕ ಮಲ್ಲೇಶ್ವರಿಯಿಂದ ಮನಸಾರೆ ಆಶೀರ್ವಾದ. ಹೇಗಿದ್ದೀ? ಯಲಬುರ್ಗಾದ ಆ ಬೋಳು ಬಯಲಿನಲ್ಲಿ ಕರೆಂಟು ಹುಟ್ಟಿಸುವ ಗಾಳಿ ಫ್ಯಾನುಗಳ ಬುಡದಲ್ಲಿ ಕಾವಲು ಕೂತವನಿಗೆ ಈಗ ಬೆಳಗಿನ ಚಳಿ ಹಿಡಿದಿರಬೇಕು. ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀಯೋ, ಇಲ್ಲ ತಲೆಗೂದಲು ಕೆಡುತ್ತದೆ ಅಂತ ಹಾಗೇ ತಿರುಗುತ್ತೀಯೋ? ಕೆಮ್ಮು ಬಂದರೆ ಬಿಸಿನೀರು ಕುಡಿ. ನಿನಗೇನಪ್ಪಾ, ಎಷ್ಟು ಬೇಕಾದರೂ ಕುಡಿಯಬಹುದು. ಗದ್ದೆಯ ಕೆಸರಿನಲ್ಲಿ ನಿಂತು ಹತ್ತಿಸಿಕೊಂಡಿದ್ದ ಆ ಕಾಲಿನ ಕಡಿತ ಕಡಿಮೆಯಾಯಿತೇ? ಹೊರಡುವಾಗ ಅವ್ವ ನಿನ್ನ ಚೀಲದಲ್ಲಿ ತುರುಕಿದ್ದ ಹಸಿರು ಟ್ಯೂಬು ಇನ್ನೂ ಇದ್ದರೆ ಮೊದಲು ಅದನ್ನು ಎಸೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಪತ್ರದ ಅರ್ಧ ಕಥೆ ಆ ಟ್ಯೂಬಿನದೇ.

ನಮ್ಮೂರು ಮರಳಿಯೂ ಯಲಬುರ್ಗಾವೂ ಒಂದೇ ಜಿಲ್ಲೆಯಲ್ಲಿವೆ, ನೀನು ಮಾತ್ರ ಸಮುದ್ರ ದಾಟಿ ಹೋದವರ ಹಾಗೆ ಮಾಡುತ್ತಿದ್ದೀ. ನನ್ನ ನಂಬರ್ ಕಂಡರೆ ಕಟ್ ಮಾಡುತ್ತೀ, ಅವ್ವನ ನಂಬರಿಗೆ ಎರಡು ಮಾತಾಡಿ ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ, ನೋಡು. ನನ್ನನ್ನು ಆಸ್ಪತ್ರೆಗೆ ಕರೆತರುವ ಆಟೋ ನೂರಸಾಬಣ್ಣ ನಾಳೆ ಯಲಬುರ್ಗಾಕ್ಕೆ ಮದುವೆಗೆ ಹೊರಟಿದ್ದಾನೆ, ಇದನ್ನು ನಿನ್ನ ಕೈಗೇ ಕೊಟ್ಟು ಬರುತ್ತೇನೆ ಅಂದಿದ್ದಾನೆ. ಅವನ ಎದುರು ಮುಖ ಗಂಟು ಹಾಕಿಕೊಳ್ಳಬೇಡ, ಅವನಿಗೆ ಚಹಾ ಕುಡಿಸು. ನೀನು ಮನೆ ಬಿಟ್ಟ ದಿನ ಹೊಸ್ತಿಲಲ್ಲಿ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. "ಅವ್ವನ ಕಿಡ್ನಿ ತಗದು ಅಕ್ಕಗ ಹಾಕ್ತಾರಂತ. ಇಬ್ಬರನೂ ಒಮ್ಮೆಲೇ ಒಳಗ ಕಳಿಸಿ ನಾ ಒಬ್ಬನ ಹೊರಗ ಕುಂದ್ರಬೇಕೇನು? ನನ್ನ ಕೈಲಿ ಆಗಂಗಿಲ್ಲ." ನಾನು ಬಾಯಿಗೆ ಬಂದದ್ದು ಬೈದೆ. ನಿನ್ನ ಮಾತು ತಪ್ಪಲ್ಲ ಅಂತ ಗೊತ್ತಿದ್ದುದರಿಂದಲೇ ಅಷ್ಟು ಸಿಟ್ಟು ಬಂದಿತ್ತು.

ಈಗ ನಾನಿರುವ ಜಾಗ ನಿನಗೆ ಗೊತ್ತೇ ಇದೆ. ಎಡಗೈಗೆ ಎರಡು ಸೂಜಿ, ಪಕ್ಕದಲ್ಲಿ ಯಂತ್ರ. ಒಂದು ನಳಿಕೆಯಲ್ಲಿ ನನ್ನ ರಕ್ತ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ತೊಳೆದು ಬರುತ್ತದೆ. ಮಗ್ಗುಲಾಗಬೇಕೆಂದರೂ ಸಿಸ್ಟರನ್ನು ಕೇಳಬೇಕು. ಸೋಮವಾರ ಮತ್ತು ಗುರುವಾರ ಈ ಮಂಚ ತಪ್ಪಿಸುವಂತಿಲ್ಲ. ಈ ಎರಡು ದಿನಗಳ ನಡುವೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟೇ ನನ್ನ ಲೋಕ, ಅದರಲ್ಲೂ ಅರ್ಧ ಹೊತ್ತು ಸುಸ್ತಿನಲ್ಲಿ ಮಲಗಿ ಕಳೆಯುತ್ತದೆ. ನಮ್ಮ ಮನೆಯ ಮುಂದೆಯೇ ಕಾಲುವೆ ತುಂಬಿ ಹರಿಯುತ್ತದೆ, ನನಗೆ ದಿನಕ್ಕೆ ಚೊಂಬಿನಷ್ಟೂ ನೀರಿಲ್ಲ. ಬಾಯಿ ಒಣಗಿದಾಗ ಅವ್ವ ಒಂದು ಚೂರು ಮಂಜುಗಡ್ಡೆ ನಾಲಿಗೆಯ ಮೇಲಿಡುತ್ತಾಳೆ, ನಾನು ಅದನ್ನು ಚೀಪುತ್ತಾ ಕಾಲುವೆ ನೋಡುತ್ತಾ ಕೂರುತ್ತೇನೆ. ಕುಷ್ಟಗಿಯ ನಮ್ಮ ಯಜಮಾನರು ಯಂತ್ರ ಶುರುವಾದ ತಿಂಗಳು ಊರಿಗೆ ಹೋದವರು ಮರಳಿ ಬರಲೇ ಇಲ್ಲ. ಅವರ ಸುದ್ದಿ ಬಿಡು, ಅವರನ್ನು ನೆನೆದರೆ ಬಿಪಿ ಏರುತ್ತದೆ, ಏರಿದರೆ ಯಂತ್ರ ಕೂಗುತ್ತದೆ, ಕೂಗಿದರೆ ಸಿಸ್ಟರ್ ನನ್ನನ್ನೇ ಬೈಯುತ್ತಾಳೆ.

ಅವ್ವನ ತಪಾಸಣೆಗಳೆಲ್ಲ ಸರಿಯಾಗಿ ಬಂದು, ಇನ್ನೇನು ಆಪರೇಷನ್ ದಿನ ಕೊಡುತ್ತಾರೆ ಅನ್ನುವಾಗ ಯಾಕೆ ನಿಂತುಹೋಯಿತು ಅಂತ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಕೇಳು. ನನ್ನ ಪಕ್ಕದ ಮಂಚದ ಆದೆಪ್ಪ ನೆನಪಿದ್ದಾನಲ್ಲ, ಎಲ್ಲರಿಗೂ ತಮಾಷೆ ಮಾಡುತ್ತಿದ್ದ ಅಳವಂಡಿಯ ಮಾಸ್ತರ? ಅವನಿಗೆ ಎಲ್ಲಿಂದಲೋ ರಕ್ತದಿಂದ ಹರಡುವ ಕಾಮಾಲೆ, ಹೆಪಟೈಟಿಸ್ ಬಿ ಅನ್ನುತ್ತಾರಲ್ಲ, ಅದು ಹತ್ತಿತು. ಈಗ ಅವನಿಗೆ ಗಾಜಿನ ಬಾಗಿಲಿನ ಆಚೆ ಬೇರೆ ಯಂತ್ರ, ಅವನ ಆಪರೇಷನ್ ಮಾತೇ ಸದ್ಯಕ್ಕಿಲ್ಲ. ಬೇರೆಯವರ ಕಿಡ್ನಿ ಹಾಕಿದ ಮೇಲೆ ಮೈ ಅದನ್ನು ಹೊರಗೆ ತಳ್ಳಬಾರದೆಂದು ಮೈಯ ಶಕ್ತಿಯನ್ನೇ ಕುಗ್ಗಿಸುವ ಗುಳಿಗೆ ಕೊಡುತ್ತಾರಂತೆ. ಆಗ ಆ ಕಾಮಾಲೆ ಬಂದರೆ ತಡೆಯುವವರೇ ಇಲ್ಲ, ಆಮೇಲೆ ಲಸಿಕೆ ಹಾಕಿದರೂ ನಾಟುವುದಿಲ್ಲ. ಅದಕ್ಕೆ ಲಸಿಕೆಯ ಬಲ ರಕ್ತದಲ್ಲಿ ಕಾಣಿಸಿದ ಮೇಲೇ ಆಪರೇಷನ್ ಅಂತ ದೊಡ್ಡಾಸ್ಪತ್ರೆಯವರ ಹಟ. ನನಗೆ ಎಲ್ಲರಂತೆ ತೋಳಿಗೆ ಚುಚ್ಚಿದರು, ದುಪ್ಪಟ್ಟು ಚುಚ್ಚಿದರು, ರಕ್ತ ನೋಡಿದರೆ ಏನೂ ಇಲ್ಲ. ಕಿಡ್ನಿ ಕೆಟ್ಟವರ ಮೈಗೆ ಲಸಿಕೆ ಬಂದದ್ದೇ ತಿಳಿಯುವುದಿಲ್ಲವಂತೆ. ಯಂತ್ರದಿಂದ ಬಿಡಿಸಿಕೊಳ್ಳಲು ಅವ್ವನ ಕಿಡ್ನಿ ಬೇಕು, ಅವ್ವನ ಕಿಡ್ನಿ ಹಾಕಬೇಕೆಂದರೆ ಲಸಿಕೆ ನಾಟಬೇಕು, ಲಸಿಕೆ ನಾಟದಂತೆ ಮಾಡಿದ್ದು ಇದೇ ಕಾಯಿಲೆ. ಯಾವ ಕಡೆ ತಿರುಗಿದರೂ ಗೋಡೆಯೇ.

ಆಗ ರೇಣುಕಾದೇವಿ ಮೇಡಂ ಬಂದರು. ಗುರುವಾರ ಗುರುವಾರ ಇಲ್ಲಿಗೆ ಬರುವ ಕಿಡ್ನಿ ಡಾಕ್ಟರ್. ಅವರು ಕೆಲವು ರೋಗಿಗಳಿಗೆ ಬೇರೆ ರೀತಿ ಲಸಿಕೆ ಹಾಕಿ ನೋಡುತ್ತಿದ್ದಾರೆ, ಒಪ್ಪಿದವರಿಗೆ ಮಾತ್ರ. ಸೂಜಿ ಮಾಂಸದವರೆಗೆ ಹೋಗುವುದಿಲ್ಲ, ಚರ್ಮದ ಪದರದ ಒಳಗೇ ಒಂದು ಹನಿ ಬಿಡುತ್ತಾರೆ, ಅಲ್ಲಿ ಹೆಸರುಕಾಳಿನಷ್ಟು ಗುಳ್ಳೆ ಏಳುತ್ತದೆ. ಅದಕ್ಕೂ ಮೊದಲು ಆ ಜಾಗಕ್ಕೆ ಒಂದು ಮುಲಾಮು ಹಚ್ಚುತ್ತಾರೆ. ನನಗೆ ತಿಳಿಯಲಿ ಅಂತ ಅವರು ನಮ್ಮ ಭಾಷೆಯಲ್ಲೇ ಹೇಳಿದರು: "ನಿಮ್ಮ ಊರಾಗ ಕಾಲುವಿ ಕಾಯೋ ನೀರಗಂಟಿ ಇರತಾನಲ್ಲ, ಹಂಗ ಚರ್ಮದಾಗೂ ಕಾವಲಿನವರು ಭಾಳ ಮಂದಿ ಅದಾರ. ನಿಮ್ಮವರು ಮಲಕೊಂಡಾರ. ಈ ಮುಲಾಮು ಅವರನ್ನ ಎಬ್ಬಸ್ತೈತಿ. ಎದ್ದವರ ಕೈಯಾಗ ಲಸಿಕಿ ಕೊಟ್ರ ಮೈಯಾಗೆಲ್ಲ ಡಂಗುರ ಸಾರತಾರ." ಕೆಂಪಾಗುತ್ತದೆ, ಕಡಿಯುತ್ತದೆ, ಗಟ್ಟಿಯಾಗುತ್ತದೆ, ಅದು ಕಾವಲಿನವರು ಎದ್ದ ಗುರುತು, ಏನನ್ನೂ ಹಚ್ಚಬೇಡಿ ಅಂದರು. ನಾನು ಹೂಂ ಅಂದೆ. ಅವ್ವ ಹೊರಗೆ ನೂರಸಾಬಣ್ಣನ ಜೊತೆ ಮಾತಾಡುತ್ತಾ ಕೂತಿದ್ದಳು, ಈ ಮಾತು ಅವಳ ಕಿವಿಗೆ ಬೀಳಲಿಲ್ಲ.

ಮೊದಲ ಗುಳ್ಳೆ ಚೆನ್ನಾಗಿ ಎದ್ದಿತು. ಸಂಜೆಗೆ ಬಲತೋಳು ಬಿಸಿಯಾಗಿ ಕಡಿಯತೊಡಗಿತು. ಯಂತ್ರದಿಂದ ಇಳಿದ ದಿನ ನನಗೆ ಹೊತ್ತುಗೊತ್ತಿಲ್ಲದ ನಿದ್ದೆ, ನಿನಗೆ ಗೊತ್ತಲ್ಲ. ಎದ್ದು ನೋಡಿದರೆ ತೋಳು ತಣ್ಣಗೆ, ಚಪ್ಪಟೆ. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಮೇಡಂ ಬೆರಳಿಟ್ಟು ನೋಡಿ ಹುಬ್ಬುಗಂಟಿಕ್ಕಿದರು. ಏನಾದರೂ ಹಚ್ಚಿದಿರಾ ಅಂದರು, ಇಲ್ಲ ಅಂದೆ. ನಡುವೆ ರಕ್ತ ನೋಡಿದರು, ಏರಿಕೆ ಇಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಕಣ್ಣು ಮುಚ್ಚಿ ಮಲಗಿದ್ದಾಗ ತೋಳಿನ ಮೇಲೆ ಬೆರಳು ಆಡಿತು. ಅವ್ವನ ಬೆರಳು, ಮತ್ತು ಆ ಹಸಿರು ಟ್ಯೂಬಿನ ವಾಸನೆ. ನಮ್ಮೂರಿನಲ್ಲಿ ಆ ಟ್ಯೂಬಿಲ್ಲದ ಮನೆ ಯಾವುದು ಹೇಳು? ನಾಟಿಗೆ ಇಳಿದ ಹೆಂಗಸರು ಕಾಲಿಗೆ ಹಚ್ಚುತ್ತಾರೆ, ಕೂಸಿನ ಕೆನ್ನೆಗೆ ಹಚ್ಚುತ್ತಾರೆ, ಮೊಡವೆಗೆ ಹಚ್ಚುತ್ತಾರೆ, ಚೇಳು ಕಡಿದರೂ ಅದನ್ನೇ ಹಚ್ಚುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಕೈ ತೋರಿಸಿದರೆ ಸಾಕು, ಕೇಳದೆಯೇ ಅದನ್ನು ಕೊಡುತ್ತಾರೆ. ಕಡಿತವೂ ಕೆಂಪೂ ಮಾಯವಾಗುತ್ತವೆ ಅನ್ನುವುದಷ್ಟೇ ನಮಗೆ ಗೊತ್ತು. ಅದರಲ್ಲಿ ಚರ್ಮವನ್ನು ಮಂಕು ಮಾಡುವ ಔಷಧ ಇರುತ್ತದೆ ಅಂತ ನನಗೆ ಇತ್ತೀಚೆಗೆ ಗೊತ್ತಾಯಿತು. ಮೇಡಂ ಎಬ್ಬಿಸಿದ ಕಾವಲಿನವರನ್ನು ಅವ್ವ ಮೂರು ವಾರ ತಟ್ಟಿ ಮಲಗಿಸಿದ್ದಳು.

ನಾನು ಕಣ್ಣು ತೆರೆಯಲಿಲ್ಲ, ಹಾಲೇಶ. ಯಾಕೆಂದರೆ ಆ ಕ್ಷಣದಲ್ಲಿ ನನಗೆ ಬಂದ ಯೋಚನೆಯನ್ನು ಯಾರ ಮುಂದೆಯೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಅವ್ವ ಬೇಕಂತಲೇ ಹಚ್ಚುತ್ತಿದ್ದಾಳೆಯೇ? ಆಪರೇಷನ್ ಅಂದರೆ ಹೆದರಿ, ಬಾಯಿಬಿಟ್ಟು ಒಲ್ಲೆ ಅನ್ನಲಾಗದೆ, ಹೀಗೆ ದಿನ ದೂಡುತ್ತಿದ್ದಾಳೆಯೇ? ಕೇಳೋಣ ಅಂದರೆ ಹೇಗೆ ಕೇಳಲಿ. ತನ್ನ ಮೈಯ ತುಂಡನ್ನೇ ಕೊಡಲು ನಿಂತವಳನ್ನು, ಯಾಕವ್ವ ನನ್ನ ಲಸಿಕೆ ಕೆಡಿಸಿದೆ ಅಂತ ಕೇಳಬೇಕೇ? ಕೇಳದಿದ್ದರೆ ಮುಂದಿನ ಗುಳ್ಳೆಯೂ ಹೋಯಿತು. ಮೇಡಂಗೆ ಹೇಳಿದರೆ ಈ ಹೊಸ ಲಸಿಕೆಯಿಂದ ನನ್ನನ್ನು ಕೈಬಿಡಬಹುದು. ಇನ್ನೂ ಒಂದು ಮಾತಿದೆ. ಲಸಿಕೆ ನಾಟದಿದ್ದರೆ ಅವ್ವನ ಮೇಲೆ ಚಾಕು ಇಡುವುದು ತಪ್ಪುತ್ತದಲ್ಲ ಅಂತ ನನ್ನೊಳಗೇ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು. ಮರುಕ್ಷಣವೇ ಈ ಕೋಣೆ, ಈ ಯಂತ್ರ ನೆನಪಾದವು. ಬದುಕಬೇಕು ಅಂತ ನನಗೆ ಭಾಳ ಆಸೆ ಇದೆ ಕಣೋ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದೆ.

ಎಷ್ಟೋ ದಿನ ಹಾಗೇ ಬಾಯಿ ಬಿಗಿದುಕೊಂಡಿದ್ದೆ. ಕೊನೆಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ, ಟ್ಯೂಬಿನ ಮಾತೇ ಎತ್ತದೆ, ಮೇಡಂ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಚರ್ಮದ ಒಳಗೆ ಹಾಕುವುದು, ಅದು ಕೆಂಪಗೆ ಏಳಬೇಕಾದದ್ದು, ಎದ್ದರಷ್ಟೇ ನಾಟಿದ ಹಾಗೆ. ಅವಳ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಕುಪ್ಪಸದ ತೋಳು ಮೇಲೆತ್ತಿ ತನ್ನ ರಟ್ಟೆಯ ಮೇಲಿನ ಎರಡು ಗುಂಡನೆಯ ಕಲೆ ನೋಡಿಕೊಂಡಳು. ಚಿಕ್ಕವರಿದ್ದಾಗ ನಾವು ಅವುಗಳ ಮೇಲೆ ಬೆರಳಿಟ್ಟು ಆಡುತ್ತಿದ್ದೆವಲ್ಲ, ಅವೇ. "ಇದೂ ಹಂಗ ಹಾಕಿದ್ದ," ಅಂದಳು.

ಅವಳ ತವರು ವಿರೂಪಾಪುರಗಡ್ಡೆ. ಸುತ್ತ ಹೊಳೆ. ಸಿಡುಬಿನ ಲಸಿಕೆಯವನು ಹರಿಗೋಲಿನಲ್ಲಿ ಬರುತ್ತಿದ್ದನಂತೆ, ಮಕ್ಕಳಿಗೆ ಓಡಲು ಜಾಗವೇ ಇರುತ್ತಿರಲಿಲ್ಲ. ತೋಳಿನ ಚರ್ಮ ಗೀರಿ ಮದ್ದು ಸವರುತ್ತಿದ್ದ. ಅವನು ಹರಿಗೋಲು ಹತ್ತಿದ ಕೂಡಲೇ ಅವ್ವನ ಅಜ್ಜಿ ಹಂಪವ್ವ ಮೊಮ್ಮಗಳ ತೋಳನ್ನು ಸೆರಗಿನಿಂದ ಒರೆಸಿ ಬೆಣ್ಣೆ ಹಚ್ಚಿಬಿಟ್ಟಳು. ಊರಿನ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರಂತೆ, ಕೂಸಿನ ಮೈಮೇಲೆ ಹುಣ್ಣು ಏಳುವುದನ್ನು ಯಾರು ನೋಡಿಕೊಂಡಿರುತ್ತಾರೆ? ಎಂಟು ದಿನಕ್ಕೆ ಅವನು ಮರಳಿ ಬಂದು ನೋಡಿದರೆ ಯಾವ ತೋಳಿನಲ್ಲೂ ಗುರುತಿಲ್ಲ. ಅವನು ಬೈಯಲಿಲ್ಲವಂತೆ. ಮತ್ತೆ ಗೀರಿ, ಹಂಪವ್ವನ ಮುಂದೆ ಕೂತು ಅಂದನಂತೆ: "ಸಿಡುಬಿನ ಅಮ್ಮ ಈ ಎರಡು ಚುಕ್ಕಿಯಾಗ ಎದ್ದು ಹೋದ್ರ ಮೈತುಂಬ ಏಳಂಗಿಲ್ಲ ಮುದುಕಿ. ಒರಸಬ್ಯಾಡ, ಕಾಯಿ." ಅಷ್ಟೇ ಸಾಕಾಯಿತು. ಅಮ್ಮ ಎದ್ದ ಮನೆಗೆ ಏನು ಕಟ್ಟಳೆ ಅಂತ ಅಜ್ಜಿಗೆ ಗೊತ್ತಿತ್ತಲ್ಲ. ಬಾಗಿಲಿಗೆ ಬೇವು ಕಟ್ಟಿದಳು, ಒಗ್ಗರಣೆ ನಿಲ್ಲಿಸಿದಳು, ಎಣ್ಣೆ ಮುಟ್ಟಿದವರನ್ನು ಹತ್ತಿರ ಬಿಡಲಿಲ್ಲ. ಎರಡೂ ಚುಕ್ಕೆ ಎದ್ದವು, ಆ ವರ್ಷ ಹೊಳೆಯಾಚೆ ಅಮ್ಮ ಎದ್ದಾಗ ಅವ್ವ ಉಳಿದಳು.

ಇಷ್ಟು ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಆಮೇಲೆ ತಾನಾಗಿಯೇ, "ಅಕಿ ಬೆಣ್ಣಿ ಹಚ್ಚಿದ್ಲು, ನಾ ಟ್ಯೂಬ್ ಹಚ್ಚಿದೆ. ನೀ ನಿದ್ದಿಯಾಗ ಕೆರಕೊಂತಿದ್ದಿ, ನನಗ ನೋಡಾಕ ಆಗಲಿಲ್ಲವಾ," ಅಂದಳು. ಅನುಮಾನ ಪಟ್ಟೆನಲ್ಲ ಅಂತ ನಾಚಿಕೆ ಒಂದು ಕಡೆ, ಆದರೂ ಕೇಳದೆ ಇರಲಾಗಲಿಲ್ಲ. ಖರೇ ಹೇಳು, ಆಪರೇಷನ್ನಿಗೆ ಹೆದರಿಕೆ ಐತೇನು ನಿನಗ ಅಂತ ಕೇಳಿಯೇಬಿಟ್ಟೆ. ಅವಳು ಸೀದ ರೊಟ್ಟಿ ಮಗುಚಿ ಹಾಕುತ್ತಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಐತಿ. ಭಾಳ ಐತಿ. ಹೆದರಿಕಿ ಇದ್ದವರು ಕೊಡಬಾರದಂತ ಯಾರು ಹೇಳ್ಯಾರ?" ಹಾಲೇಶ, ಅವಳಿಗೆ ಹೆದರಿಕೆ ಇಲ್ಲ ಅಂತ ನಾವಿಬ್ಬರೂ ತಿಳಿದಿದ್ದೆವು. ನೀನು ಅವಳ ಪರವಾಗಿ ಹೆದರಿ ಹೋಗಿಬಿಟ್ಟೆ, ನಾನು ಅವಳು ಗಟ್ಟಿಗಿತ್ತಿ ಅಂದುಕೊಂಡು ಕೂತೆ, ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

ಮರು ಗುರುವಾರ ಅವ್ವ ತಾನೇ ಟ್ಯೂಬು ಹಿಡಿದುಕೊಂಡು ಬಂದು ಮೇಡಂ ಮುಂದೆ ಇಟ್ಟಳು. "ನಂದ ತಪ್ಪು ನೋಡ್ರಿ, ಹುಡುಗಿನ್ನ ಬಿಡಬ್ಯಾಡ್ರಿ," ಅಂದಳು. ಮೇಡಂ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ ಹಣೆ ಒತ್ತಿಕೊಂಡರು. ಇದರಿಂದಲೇ ಕೆಟ್ಟಿತು ಅಂತ ಖಂಡಿತ ಹೇಳಲಾರೆ, ಆದರೆ ಇದು ಇರಲೇಬಾರದು ಅಂದರು. ನನ್ನನ್ನು ಬಿಡಲಿಲ್ಲ, ಮೊದಲಿನಿಂದ ಶುರು ಮಾಡಿದರು. ಅಂದಿನಿಂದ ನಮ್ಮ ಮನೆ ನೋಡಬೇಕಿತ್ತು ನೀನು. ಬಾಗಿಲಿಗೆ ಬೇವಿನ ತೊಪ್ಪಲು. ಒಗ್ಗರಣೆಯ ಸದ್ದೇ ಇಲ್ಲ. ಉಪ್ಪನ್ನು ಡಾಕ್ಟರ್ ಮೊದಲೇ ಕಸಿದಿದ್ದರು, ಒಗ್ಗರಣೆಯನ್ನು ಅವ್ವ ಕಸಿದಳು, ಇನ್ನು ನನ್ನ ತಾಟಿನಲ್ಲಿ ಉಳಿದದ್ದು ಬಿಳಿ ಬಣ್ಣ ಒಂದೇ. ಬದಿಮನೆಯ ಪಕ್ಕೀರವ್ವ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಳೆಂದು ಅವಳನ್ನು ಕಟ್ಟೆಯಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಆಪರೇಷನ್ನಿನ ಹೆದರಿಕೆಯೆಲ್ಲ ಈ ಗುಳ್ಳೆಯ ಕಾವಲಿಗೆ ಇಳಿದ ಹಾಗಿತ್ತು. ನಾನು ಮಲಗಿದರೆ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂರುತ್ತಾಳೆ, ನಿದ್ದೆಯಲ್ಲಿ ನನ್ನ ಕೈ ತೋಳಿನ ಕಡೆ ಹೋದರೆ ಮೆಲ್ಲಗೆ ಹಿಡಿದುಕೊಳ್ಳುತ್ತಾಳೆ. ಕೆಂಪು ಎದ್ದಿತು. ಈ ಸಲ ಉಳಿಯಿತು. ಪ್ರತಿ ಗುಳ್ಳೆಯೂ ಎದ್ದಿತು, ಕಡಿತಕ್ಕೆ ನಾನು ಅತ್ತದ್ದೂ ಇದೆ, ಅವ್ವನೂ ನನ್ನ ಜೊತೆ ಅತ್ತಳು, ಆದರೆ ಒರೆಸಲಿಲ್ಲ.

ಕೊನೆಯ ರಕ್ತ ಸೋಮವಾರ ತೆಗೆದುಕೊಂಡು ಹೋಗಿದ್ದಾರೆ. ಇವತ್ತು ಮೇಡಂ ಬರುವಾಗ ಫಲಿತಾಂಶ ತರುತ್ತಾರೆ. ಲಸಿಕೆಯ ಬಲದ ಅಂಕಿ ಹತ್ತರ ಮೇಲೆ ಇರಬೇಕಂತೆ. ತೋಳು ಕೆಂಪಾದರೆ ರಕ್ತದಲ್ಲೂ ಬಲ ಬಂದೇ ಬಂದಿದೆ ಅಂತ ಅಲ್ಲ, ಹಾಗೆ ನಂಬಿಕೊಂಡು ಕೂರಬೇಡಿ ಅಂತ ಅವರೇ ಹೇಳಿದ್ದಾರೆ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ, ಬರೆಯದಿದ್ದರೆ ಬಾಗಿಲನ್ನೇ ನೋಡುತ್ತಿರುತ್ತೇನೆ. ಕಿಟಕಿಯಲ್ಲಿ ಭತ್ತ ತುಂಬಿದ ಲಾರಿಗಳು ಮಿಲ್ಲಿನ ಕಡೆ ಹೋಗುತ್ತಿವೆ. ಗಾಜಿನಾಚೆಯಿಂದ ಆದೆಪ್ಪ ಮಾಸ್ತರ ಕೈ ಮಾಡಿ, ಬಂತೇನು ಅಂತ ಕಣ್ಣಲ್ಲೇ ಕೇಳುತ್ತಿದ್ದಾನೆ. ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಬರದಿದ್ದರೆ ಮೇಡಂ ಹತ್ತಿರ ಬೇರೆ ದಾರಿ ಇದೆಯೋ ಇಲ್ಲವೋ ನಾನು ಕೇಳಿಲ್ಲ. ಬಂದರೂ ಹೆದರಿಕೆ, ಬರದಿದ್ದರೂ ಹೆದರಿಕೆ. ಅವ್ವ ಮನೆಯಲ್ಲಿ ಕಟಕ ರೊಟ್ಟಿ ಮಾಡಿ ಮಾಡಿ ಡಬ್ಬಿ ತುಂಬಿಸುತ್ತಿದ್ದಾಳೆ. ನಾನು ತಿನ್ನುವಂತಿಲ್ಲ, ಅವಳ ಹಲ್ಲಿಗೆ ಆಗುವುದಿಲ್ಲ. ಯಾರಿಗವ್ವ ಇಷ್ಟು ಅಂದರೆ, "ಇರಲಿ, ಯಾರರ ಬರತಾರ," ಅನ್ನುತ್ತಾಳೆ. ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಗಟ್ಟಿ ರೊಟ್ಟಿಯನ್ನು ಕರುಂ ಕರುಂ ಅಂತ ತಿನ್ನುವವನು ನಮ್ಮ ಮನೆಯಲ್ಲಿ ಒಬ್ಬನೇ ಇದ್ದ.

ಸೂಜಿ ತೆಗೆಯುವ ಹೊತ್ತಾಯಿತು, ಸಿಸ್ಟರ್ ಬರುತ್ತಿದ್ದಾಳೆ. ನಿನಗೆ ಯಾರ ದೃಷ್ಟಿಯೂ ತಾಗದಿರಲಿ, ಕಂಬ ಹತ್ತುವ ಹುಡುಗರ ಜೊತೆ ಸೇರಿ ನೀನೂ ಹತ್ತಲು ಹೋಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೇಲೆ ನನಗಿದ್ದ ಸಿಟ್ಟು ಈ ಹಾಳೆ ತುಂಬುವಷ್ಟರಲ್ಲಿ ಮುಗಿಯಿತು, ನಿನ್ನದು ಎಷ್ಟು ಉಳಿದಿದೆಯೋ ನೀನೇ ನೋಡಿಕೋ.

ನಿನ್ನ ಅಕ್ಕ,
ಮಲ್ಲೇಶ್ವರಿ

ತಾ.ಕ.: ನೂರಸಾಬಣ್ಣ ಆಟೋ ಚಾಲೂ ಮಾಡಿ ಕೂತಿದ್ದಾನೆ, ಬರೆಯಲು ಕೆಳಗೆ ಹಲಗೆ ಇಲ್ಲ, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಮೇಡಂ ಬಂದಿದ್ದರು. ಬಂದಿದೆ ಹಾಲೇಶ. ಹತ್ತು ಬೇಕಿತ್ತು, ಅದನ್ನು ಎಷ್ಟೋ ದಾಟಿ ಬಂದಿದೆ. ಮುಂದಿನ ತಿಂಗಳ ಎರಡನೆಯ ಬುಧವಾರ ಆಪರೇಷನ್. ಮೊದಲು ಅವ್ವನನ್ನು ಕರೆದುಕೊಳ್ಳುತ್ತಾರೆ, ಆಮೇಲೆ ನನ್ನನ್ನು. ಹೊರಗೆ ಯಾರು ಇರುತ್ತಾರೆ ಅಂತ ಮೇಡಂ ಕೇಳಿದರು, ಕೇಳಿ ಹೇಳುತ್ತೇನೆ ಅಂದೆ. ನೀನು ಹೊಸ್ತಿಲಲ್ಲಿ ನಿಂತು ಕೇಳಿದ್ದೆಯಲ್ಲ, ಅದಕ್ಕೆ ಅಂದು ಬೈದೆನೇ ಹೊರತು ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ. ಹೌದಪ್ಪಾ, ನಾವಿಬ್ಬರೂ ಒಳಗ ಹೋಗತೇವಿ. ನೀ ಒಬ್ಬನ ಹೊರಗ ಕುಂದ್ರಬೇಕು. ಹೆದರಿಕಿ ಇದ್ದರೂ ಬಾ.